ಕಮಲಾಪುರದ ಒಂದು ಪ್ರಶ್ನೆ

ಕಮಲಾಪುರದಲ್ಲಿ ನನ್ನ ಬಳಿ ಇತಿಹಾಸ ಕಲಿತವರಲ್ಲಿ ಕೆಲವರಿಗಾದರೂ ಈ ಪ್ರಸಂಗ ನೆನಪಿರಬಹುದು. ಶಾಸನಗಳ ಮಹತ್ವವನ್ನು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಶಾಸನ ಹಳೇದಂತ ನಂಬ್ತೀವಿ. ಸೃಷ್ಟಿ ಕತಿ ಅದಕಿಂತ ಹಳೇದದ. ಮತ್ತ ಅದ್ಯಾಕ ಸಾಕ್ಷಿ ಆಗಂಗಿಲ್ರೀ ಸರ್?” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು, ಪರೀಕ್ಷೆಗೆ ಬಾರದ್ದನ್ನು ಕೇಳಬೇಡವೆಂದು ಗದರಿಸಿ ಕೂರಿಸಿದೆ. ಅವನು ಮತ್ತೆ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಲಿಲ್ಲ.

ಉತ್ತರದ ಎಳೆ ಸಿಕ್ಕಿದ್ದು ಬಹಳ ವರ್ಷಗಳ ಬಳಿಕ, ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ ಅವರ ‘ಕಾಸ್ಮೋಸ್’ (1980) ಗ್ರಂಥದಲ್ಲಿ. ಅದರ ಒಂದು ಅಧ್ಯಾಯದ ತಲೆಬರಹದ ಕೆಳಗೆ ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣದ ಮಾತುಗಳಿವೆ. ಕಲಬುರಗಿಗೆ ಸಮೀಪದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗ ಗುರುವೆಂದು ಗೌರವಿಸಿದವರು ಈ ಜಿನಸೇನರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಂತಾಗಿತ್ತು ನನ್ನ ಸ್ಥಿತಿ!

ಒಂಬತ್ತನೆಯ ಶತಮಾನದ ಆ ಆಚಾರ್ಯರು ಸೃಷ್ಟಿಕರ್ತನಿದ್ದಾನೆಂಬ ವಾದವನ್ನು ಸಾಕ್ಷಿಕಟ್ಟೆಗೆ ಹತ್ತಿಸುತ್ತಾರೆ. ಜಗತ್ತು ಇಲ್ಲದಾಗ ಕರ್ತ ಎಲ್ಲಿ ನಿಂತಿದ್ದ? ಸಾಮಗ್ರಿಯಿಲ್ಲದೆ ಹೇಗೆ ಮಾಡಿದ? ಸಾಮಗ್ರಿಯನ್ನೇ ಮೊದಲು ಮಾಡಿದನೆಂದರೆ ಅದಕ್ಕೆ ಯಾವ ಸಾಮಗ್ರಿ? ಅವನು ಪರಿಪೂರ್ಣನಾದರೆ ಸೃಷ್ಟಿಸುವ ಬಯಕೆ ಏಕೆ ಹುಟ್ಟಿತು? ಕತೆ ಪ್ರಾಚೀನವೆಂಬುದು ಇಲ್ಲಿ ಲೆಕ್ಕಕ್ಕೇ ಬಾರದು.

ಶಾಸನವನ್ನು ನಾವು ನಂಬುವುದು ಹಳೆಯದೆಂಬ ಕಾರಣಕ್ಕಲ್ಲ. ಅದು ತಾನು ಹೇಳುವ ಸಂಗತಿಗೆ ಹತ್ತಿರವಿದ್ದುದರಿಂದ. ಅಲ್ಲಿಯೂ ರಾಜನ ಹೊಗಳಿಕೆಯನ್ನು ಜರಡಿ ಹಿಡಿಯುತ್ತೇವೆ. ಸೃಷ್ಟಿಯ ಸಮೀಪ ಯಾವ ಕವಿ ಇದ್ದ?

ಆದರೆ ಜಿನಸೇನರೂ ಪುರಾಣಕಾರರೇ. ಕಲ್ಪವೃಕ್ಷಗಳು ಮರೆಯಾದ ಕತೆಯನ್ನು, ಋಷಭನಾಥನು ಜನರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ವೃತ್ತಿ ಕಲಿಸಿದ ಕತೆಯನ್ನು ಅವರು ನಂಬಿಯೇ ಹೇಳುತ್ತಾರೆ. ಅವರ ಅಳತೆಗೋಲನ್ನು ಅವರ ಕತೆಗೂ ಹಿಡಿಯಬೇಕಾಗುತ್ತದೆ. ಕಲ್ಪವೃಕ್ಷವಿತ್ತೆಂಬುದಕ್ಕೆ ಅದು ಸಾಕ್ಷಿಯಲ್ಲ. ಕತ್ತಿ, ಲೇಖನಿ, ನೇಗಿಲು, ವ್ಯಾಪಾರಗಳನ್ನು ಸಾಲಾಗಿ ಎಣಿಸುತ್ತಿದ್ದ ಒಂದು ಸಮಾಜಕ್ಕೆ ಮಾತ್ರ ಒಳ್ಳೆಯ ಸಾಕ್ಷಿ. ನನ್ನಂಥ ಇತಿಹಾಸದ ಮಾಸ್ತರನಿಗೆ ಅದು ಸಣ್ಣ ಲಾಭವಲ್ಲ.

ನೆಲದ ಹುಟ್ಟನ್ನು ಕೇಳುವುದಾದರೆ ನೆಲವನ್ನೇ ಕೇಳಬೇಕು. ನಮ್ಮ ಮನೆಗಳಿಗೆ ಹಾಸಿದ ಶಹಾಬಾದ್ ಕಲ್ಲು ಪುರಾತನ ಸಮುದ್ರದ ತಳದಲ್ಲಿ ಪದರಪದರವಾಗಿ ಕೂಡಿದ ಸುಣ್ಣ. ಜಿಲ್ಲೆಯ ಉತ್ತರದಲ್ಲಿ ಅದರ ಮೇಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಕಪ್ಪುಕಲ್ಲಾಗಿ ಕುಳಿತಿದೆ. ಕೆಳಗಿನದು ಮೊದಲು, ಮೇಲಿನದು ಆಮೇಲೆ. ಇದನ್ನು ಕಲ್ಲಿನ ಗಣಿಯ ಅಂಚಿನಲ್ಲಿ ನಿಂತು ಯಾರೂ ಪರೀಕ್ಷಿಸಬಹುದು.

ಇಷ್ಟನ್ನು ಅಂದು ಹೇಳಲಾರದೆ ಹೋದೆ. ಆ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ, ಕಲಬುರಗಿಗೆ ಬಂದಾಗ ಮನೆಗೆ ಬರಲಿ. ಕೇಳಲು ಅವನ ಬಳಿ ಇನ್ನೂ ಪ್ರಶ್ನೆಗಳು ಉಳಿದಿರಬಹುದು.