ಒಪ್ಪಿಗೆ ಪತ್ರ

2020ರ ಜೂನ್ ಎರಡನೆಯ ವಾರದಲ್ಲಿ ನಮ್ಮ ಶಾಲೆಯಲ್ಲಿ ಪೋಷಕರ ಸಭೆ ನಡೆಯಿತು. ಕೊರೊನಾ ಕಾರಣಕ್ಕೆ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳನ್ನು ಯಾವಾಗ ತೆರೆಯಬೇಕು, ತೆರೆದರೆ ಎಂದಿನಂತೆ ನಡೆಸಬೇಕೋ, ಎರಡು ಪಾಳಿ ಮಾಡಬೇಕೋ, ದಿನ ಬಿಟ್ಟು ದಿನ ಮಕ್ಕಳನ್ನು ಕರೆಯಬೇಕೋ ಎಂದು ತಂದೆತಾಯಿಗಳನ್ನೇ ಕೇಳಿ ತಿಳಿಸಲು ಶಿಕ್ಷಣ ಇಲಾಖೆ ಹೇಳಿತ್ತು. ನಾನು ಆಗ ತಿಪಟೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಪ್ರಶ್ನೆಯನ್ನು ತಾಯಂದಿರ ಮುಂದೆ ಇಟ್ಟದ್ದನ್ನು ನಾನು ಕಂಡಿರಲಿಲ್ಲ.

ಹತ್ತು ಹತ್ತು ಜನರನ್ನು ಕರೆದು, ದೂರ ದೂರ ಕೂರಿಸಿದೆವು. ಬಂದವರಲ್ಲಿ ಹೆಚ್ಚಿನವರು ಹೆಂಗಸರೇ. ಆದರೂ ಒಬ್ಬಿಬ್ಬರು, "ಅವರನ್ನು ಕೇಳಿ ಹೇಳ್ತೀನಿ ಮಿಸ್" ಎಂದು ಕಾಗದವನ್ನು ಮನೆಗೇ ಒಯ್ದರು. ಉಳಿದವರು ಒಂದೇ ದನಿಯಲ್ಲಿ ಬೇಡ ಎಂದರು. "ಒಂದು ವರ್ಷ ಓದು ಹೋದರೆ ಹೋಗಲಿ, ಮಗು ಇದ್ದರೆ ತಾನೆ ಓದೋದು?" ಈ ಮಾತಿಗೆ ಎದುರು ಹೇಳುವ ಧೈರ್ಯ ಯಾರಿಗಿತ್ತು? ನನಗೂ ಇರಲಿಲ್ಲ. ನನ್ನ ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ ಇದ್ದರು. ನಿಜ ಹೇಳಬೇಕೆಂದರೆ, ಎಲ್ಲರೂ ಬೇಡ ಎಂದದ್ದು ನನಗೆ ಸಮಾಧಾನವೇ ಆಯಿತು.

ಕೊಬ್ಬರಿ ಮಂಡಿಗೆ ಕೂಲಿಗೆ ಹೋಗುವ ಒಬ್ಬಾಕೆ ಮಾತ್ರ ಕೊನೆಯವರೆಗೂ ಸುಮ್ಮನಿದ್ದು, ಎಲ್ಲರೂ ಎದ್ದ ಮೇಲೆ ಹತ್ತಿರ ಬಂದಳು. "ನಾನು ಕೆಲಸಕ್ಕೆ ಹೋದರೆ ಮಗೀನ ಯಾರು ನೋಡ್ತಾರೆ ಮಿಸ್? ಇಸ್ಕೂಲಾದ್ರೆ ಮಧ್ಯಾಹ್ನ ಬಿಸಿ ಊಟ ಆದ್ರೂ ಆಗ್ತಿತ್ತು." ಶಾಲೆ ತೆರೆಯಬೇಕು ಎಂದು ಬರೆದುಕೊಳ್ಳಲೇ ಎಂದು ಕೇಳಿದೆ. ಅವಳು ಹಿಂದೆ ತಿರುಗಿ ನೋಡಿ, "ಬ್ಯಾಡ ಬಿಡಿ, ಎಲ್ಲಾರ್ದೂ ಏನೋ ಅದೇ ನಂದೂ" ಎಂದಳು. ನಾನು ಹಾಗೆಯೇ ಬರೆದೆ.

ನಮ್ಮಜ್ಜಿ ಪ್ಲೇಗಿನ ಕಾಲದ ಕಥೆ ಹೇಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಆಮೇಲೆ ಎಷ್ಟೋ ವರ್ಷ ಮೈಸೂರು ಸೀಮೆಯ ಊರುಗಳಿಗೆ ಮತ್ತೆ ಮತ್ತೆ ಬರುತ್ತಿತ್ತು. ಇಲಿ ಬಿತ್ತು ಎಂದರೆ ಸಾಕು, ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಳ್ಳುವುದು. ಊರೇ ಖಾಲಿಯಾದ ಮೇಲೆ ಶಾಲೆ ತೆರೆಯಬೇಕೇ ಎಂಬ ಪ್ರಶ್ನೆಯೇ ಇಲ್ಲ. ಆಗ ಮನೆಯೇ ಅಪಾಯದ ಜಾಗ, ಬಯಲೇ ಕ್ಷೇಮ. ನಮ್ಮ ಕಾಲಕ್ಕೆ ಅದು ತಿರುಗುಮುರುಗಾಗಿ, ಮನೆಯೊಳಗೇ ಇರಿ ಎಂದರು. ಆದರೆ ಮನೆ ಎಂಬುದು ಎಲ್ಲರಿಗೂ ಒಂದೇ ಅಲ್ಲವಲ್ಲ.

ಆ ಬಿಡುವಿನಲ್ಲಿ ಹಳೆಯ ಸಾಂಕ್ರಾಮಿಕಗಳ ಬಗ್ಗೆ ಸಿಕ್ಕಿದ್ದನ್ನು ಓದುವ ಗೀಳು ಹಿಡಿಯಿತು. ಹಾಗೆ ಗೊತ್ತಾದವರು ಡಾಕ್ಟರ್ ಜೋಸೆಫಿನ್ ಬೇಕರ್. ನ್ಯೂಯಾರ್ಕಿನ ಆರೋಗ್ಯ ಇಲಾಖೆಯಲ್ಲಿ ಮಕ್ಕಳ ಆರೋಗ್ಯದ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದ ಹೆಂಗಸು. 1918ರ ಇನ್‌ಫ್ಲುಯೆಂಜಾದಲ್ಲಿ ಅಮೆರಿಕದ ಹೆಚ್ಚಿನ ನಗರಗಳು ಶಾಲೆ ಮುಚ್ಚಿದವು. ನ್ಯೂಯಾರ್ಕ್, ಶಿಕಾಗೊದಂಥ ಕೆಲವು ಮುಚ್ಚಲಿಲ್ಲ. ನ್ಯೂಯಾರ್ಕಿನಲ್ಲಿ ಶಾಲೆಗೆ ಹೋಗುವ ಮಕ್ಕಳೇ ಸುಮಾರು 10 ಲಕ್ಷ. ಅವರಲ್ಲಿ ಬಹುಪಾಲು ಬೆಳಕಿಲ್ಲದ ಕಿಕ್ಕಿರಿದ ವಠಾರಗಳ ಮಕ್ಕಳು. ಅಂಥ ಕೋಣೆಗಿಂತ ಗಾಳಿಯಾಡುವ ಶಾಲೆ ಮೇಲು, ಅಲ್ಲಾದರೆ ದಿನಾ ಅವರನ್ನು ಪರೀಕ್ಷಿಸಬಹುದು ಎಂಬುದು ಬೇಕರ್ ಅವರ ವಾದ. ಆರೋಗ್ಯ ಕಮಿಷನರ್ ರಾಯಲ್ ಕೋಪ್‌ಲ್ಯಾಂಡ್ ಅದಕ್ಕೆ ಒಪ್ಪಿದರು. ಬೆಳಿಗ್ಗೆ ಟೀಚರು ಮಕ್ಕಳನ್ನು ನೋಡುವುದು, ಅನುಮಾನ ಬಂದವರನ್ನು ಡಾಕ್ಟರಿಗೋ ನರ್ಸಿಗೋ ತೋರಿಸುವುದು, ಹೀಗೆ ನಡೆಯಿತು.

ತಾಯಂದಿರು ಸುಲಭಕ್ಕೆ ನಂಬಲಿಲ್ಲ. ಶಿಕಾಗೊದಲ್ಲಿ ಎಷ್ಟೋ ಮಂದಿ ಚೆನ್ನಾಗಿರುವ ಮಕ್ಕಳನ್ನೂ ಮನೆಯಲ್ಲೇ ಉಳಿಸಿಕೊಂಡರು. ಅಧಿಕಾರಿಗಳು ಅದನ್ನು ಫ್ಲೂಫೋಬಿಯಾ ಎಂದು ಕರೆದರು. ಓದಿ ನನಗೆ ಕೋಪ ಬಂತು. ಬೀದಿಯಲ್ಲಿ ಹೆಣ ಹೋಗುವುದನ್ನು ಕಂಡ ತಾಯಿಯ ಹೆದರಿಕೆಗೆ ಕಾಯಿಲೆಯ ಹೆಸರೇ? ಬೇಕರ್ ಅವರ ಮಾತು ಸರಿ ಅನ್ನಿಸಿದರೂ, ಅವರ ಶಾಲೆಗಳಿಗೆ ನರ್ಸುಗಳಿದ್ದರು. ನಮ್ಮ ಶಾಲೆಯಲ್ಲಿ ಕೈ ತೊಳೆಯುವ ನಲ್ಲಿಗಳು ಎರಡು, ಅದರಲ್ಲೊಂದು ಕೆಟ್ಟಿತ್ತು.

ಆ ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಯಿತು. ಗುಡಿಯ ಅಂಗಳ, ಮರದ ನೆರಳು, ಸಮುದಾಯ ಭವನ, ಎಲ್ಲಿ ಜಾಗವಿತ್ತೋ ಅಲ್ಲಿ ಮಕ್ಕಳನ್ನು ಕೂಡಿಸಿ ಪಾಠ. ಜೂನಿನಲ್ಲಿ ಬೇಡವೆಂದ ತಾಯಂದಿರೇ ಚಾಪೆ ತಂದು ಹಾಸಿದರು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದೂ ನಿಂತಿತು. 2021ರ ಎರಡನೆಯ ಅಲೆಯಲ್ಲಿ ನಮ್ಮತ್ತೆ ತೀರಿಕೊಂಡರು. ಮಂಡಿ ಕೆಲಸದವಳ ಗಂಡನೂ ಹೋದ. ಅದಾದ ಮೇಲೆ ಶಾಲೆ ತೆರೆಯಬೇಕಿತ್ತೋ ಮುಚ್ಚಬೇಕಿತ್ತೋ ಎಂದು ಅವಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಆ ವರ್ಷದ ಅಸರ್ ಸಮೀಕ್ಷೆ ಬಂದಾಗ, ಹಳ್ಳಿಗಾಡಿನಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲ ಮೂರನೆಯ ತರಗತಿಯ ಮಕ್ಕಳು ನೂರಕ್ಕೆ 10 ಕೂಡ ಇರಲಿಲ್ಲ. 2018ರಲ್ಲಿ 19 ಮಂದಿ ಇದ್ದರು.

ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಮನೆಯವರ ಒಪ್ಪಿಗೆ ಪತ್ರ ಇಲ್ಲದೆ ಮಗುವನ್ನು ಒಳಗೆ ಬಿಡುವಂತಿರಲಿಲ್ಲ. ಎರಡನೆಯ ತರಗತಿಯ ಮಕ್ಕಳು ಒಂದನೆಯ ತರಗತಿಯಲ್ಲಿ ಒಂದು ದಿನವೂ ಕೂತವರಲ್ಲ. ಮಂಡಿ ಕೆಲಸದವಳ ಮಗಳೂ ಅವರಲ್ಲೊಬ್ಬಳು. ತಾಯಿಯ ಸೆರಗು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಪತ್ರದಲ್ಲಿ ತಂದೆಯ ಸಹಿಗೆ ಬಿಟ್ಟ ಜಾಗವಿತ್ತು. ಅವಳು ಅದನ್ನು ತೋರಿಸಿ, "ಇಲ್ಲಿ ನಂದೇ ಹಾಕಲಾ ಮಿಸ್?" ಎಂದಳು. ಹಾಕಮ್ಮ ಎಂದೆ. ಪೆನ್ನು ಗಟ್ಟಿಯಾಗಿ ಒತ್ತಿ, ನಿಧಾನವಾಗಿ ಹೆಸರು ಬರೆದಳು. ಆಮೇಲೆ ಮಧ್ಯಾಹ್ನ ಊಟ ಇದೆಯಾ ಎಂದು ಕೇಳಿದಳು. ಈ ವಾರ ಅರ್ಧ ದಿನ ಮಾತ್ರ, ಊಟ ಇನ್ನೂ ಶುರುವಾಗಿಲ್ಲ ಎಂದು ನಾನು ಹೇಳಬೇಕಾಯಿತು.