ಫೋರ್ ವೀಲ್ ಯಾಕೆ ಬೀಳುತ್ತಿಲ್ಲ? ನೂರು ವರ್ಷದ ಒಂದು ಕಥೆ



ನಿಮ್ಮಲ್ಲಿ ಹಲವರು ಈಗ ಗಾಡಿ ಓಡಿಸುವ ವಯಸ್ಸಿಗೆ ಬಂದಿದ್ದೀರಿ. ಯಾರಿಗೋ ಅಪ್ಪನ ಹಳೆಯ ಎಸ್‌ಯುವಿ ಸಿಕ್ಕಿದೆ. ಯಾರೋ ಬೇಸಿಗೆ ರಜೆಯಲ್ಲಿ ದುಡಿದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಪಿಕಪ್ ಟ್ರಕ್ ಕೊಂಡಿದ್ದಾರೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿರುವ ನಮಗೆ ನವೆಂಬರ್ ಬಂತೆಂದರೆ ಒಂದು ಪ್ರಶ್ನೆ ಎದುರಾಗುತ್ತದೆ: ಹಿಮ ಬಿದ್ದ ದಿನ ಈ ಗಾಡಿಗೆ ಫೋರ್ ವೀಲ್ ಬೀಳುತ್ತದೋ ಇಲ್ಲವೋ? ಸ್ವಿಚ್ ತಿರುಗಿಸುತ್ತೀರಿ, ದೀಪ ಮಿಣುಕುತ್ತಲೇ ಇರುತ್ತದೆ. ಅಥವಾ ದೀಪವೇನೋ ಹತ್ತುತ್ತದೆ, ಮುಂದಿನ ಚಕ್ರಗಳು ಮಾತ್ರ ಸುಮ್ಮನೆ ನಿಂತಿರುತ್ತವೆ. ಗ್ಯಾರೇಜಿಗೆ ಹೋದರೆ "ಟ್ರಾನ್ಸ್‌ಫರ್ ಕೇಸ್ ಹೋಗಿದೆ" ಎನ್ನುತ್ತಾರೆ. ಆ ಬಿಲ್ಲು ನೋಡಿದರೆ ನಿಂತಲ್ಲೇ ಕೂರುವಂತಾಗುತ್ತದೆ.

ಕನ್ನಡ ಎಂ.ಎ. ಓದಿ ಮನೆ ನೋಡಿಕೊಳ್ಳುವವಳಿಗೆ ಟ್ರಕ್ಕಿನ ಹೊಟ್ಟೆಯೊಳಗಿನ ವಿಚಾರ ಯಾಕೆ ಎಂದು ನೀವು ನಗಬಹುದು. ಪದಗಳಿಗೆ ಇರುವ ಹಾಗೆ ಯಂತ್ರಗಳಿಗೂ ಒಂದು ವಂಶಾವಳಿ ಇದೆ. ಯಾವ ಪದ ಯಾವ ಕಾಲದ್ದು ಎಂದು ತಿಳಿದರೆ ಅದರ ಅರ್ಥ ಬಿಡಿಸುವುದು ಸುಲಭ. ಹಾಗೆಯೇ ನಿಮ್ಮ ಗಾಡಿಯ ಫೋರ್ ವೀಲ್ ವ್ಯವಸ್ಥೆ ಯಾವ ಕಾಲದ ಆಲೋಚನೆ ಎಂದು ತಿಳಿದರೆ, ತೊಂದರೆ ಎಲ್ಲಿರಬಹುದು ಎಂಬುದು ಅರ್ಧ ತಿಳಿದಂತೆಯೇ. ಏಕೆಂದರೆ ಈ ನೂರು ವರ್ಷದಲ್ಲಿ ಬಂದ ಪ್ರತಿಯೊಂದು ಅನುಕೂಲವೂ ತನ್ನ ಜೊತೆಗೆ ಒಂದು ಹೊಸ ತೊಂದರೆಯನ್ನೂ ತಂದಿದೆ.

ಮೊದಲಿಗೆ, "ಫೋರ್ ವೀಲ್ ಹಾಕುವುದು" ಎಂಬ ಕೆಲಸವೇ ಇರಲಿಲ್ಲ. 1903ರಲ್ಲಿ ಹಾಲೆಂಡಿನ ಸ್ಪೈಕರ್ ಕಂಪನಿ ಮಾಡಿದ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಯಾವಾಗಲೂ ಶಕ್ತಿ ಹೋಗುತ್ತಿತ್ತು. ಆ ಕಾರು ಈಗಲೂ ದಿ ಹೇಗ್ ನಗರದ ಲೌಮನ್ ಮ್ಯೂಸಿಯಂನಲ್ಲಿದೆ. ಅಮೆರಿಕದಲ್ಲಿ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನ ಆಟೋ ಝಾಕೌ ಮತ್ತು ವಿಲಿಯಂ ಬೆಸರ್ಡಿಕ್ ಇದೇ ಕೆಲಸಕ್ಕೆ ಕೈಹಾಕಿದರು. 1909ರಲ್ಲಿ ಅವರ ಫೋರ್ ವೀಲ್ ಡ್ರೈವ್ ಆಟೋ ಕಂಪನಿ ಹುಟ್ಟಿತು. ಮೊದಲ ಮಹಾಯುದ್ಧದ ಕೆಸರಿನ ದಾರಿಗಳಲ್ಲಿ ಅವರ ಟ್ರಕ್ಕುಗಳು ಸಾವಿರಾರು ಸಂಖ್ಯೆಯಲ್ಲಿ ಓಡಿದವು. ಅವೂ ಸದಾ ನಾಲ್ಕು ಚಕ್ರದ ಮೇಲೆ ಎಳೆಯುವ ಗಾಡಿಗಳೇ.

ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ಪದ್ಧತಿ ಜಗತ್ತಿಗೆಲ್ಲ ಪರಿಚಯವಾದದ್ದು ಜೀಪಿನಿಂದ. 1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯ ಒಂದು ಹಗುರವಾದ ಗಾಡಿ ಬೇಕೆಂದು ಕೇಳಿತು. ಮೊದಲ ಮಾದರಿಗೆ ಕೊಟ್ಟ ಗಡುವು ಬರೀ 49 ದಿನ. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಅಷ್ಟರೊಳಗೆ ಮಾಡಿ ತೋರಿಸಿತು. ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಯುದ್ಧ ಮುಗಿಯುವ ಹೊತ್ತಿಗೆ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಅದರ ನೆಲದ ಮೇಲೆ ಮೂರು ಲಿವರ್‌ಗಳು: ಒಂದು ಗೇರಿಗೆ, ಒಂದು ಮುಂದಿನ ಆಕ್ಸಲ್‌ಗೆ, ಇನ್ನೊಂದು ಲೋ ರೇಂಜ್‌ಗೆ. ಮುಂದಿನ ಆಕ್ಸಲ್ ಸೇರಿಸದೆ ಲೋ ರೇಂಜ್ ಬೀಳುತ್ತಲೇ ಇರಲಿಲ್ಲ. ಕೈಯಲ್ಲಿ ಎಳೆದದ್ದು ಕಬ್ಬಿಣದ ಕಡ್ಡಿಗಳ ಮೂಲಕ ನೇರವಾಗಿ ಹಲ್ಲಿನ ಚಕ್ರಕ್ಕೆ ಮುಟ್ಟುತ್ತಿತ್ತು. ನಡುವೆ ತಂತಿಯಿಲ್ಲ, ಕೊಳವೆಯಿಲ್ಲ.

ಈ ಕಾಲದ ತೊಂದರೆ ಒಂದೇ, ಅದು ಇವತ್ತಿಗೂ ಉಳಿದಿದೆ. ಎತ್ತಿನ ಗಾಡಿ ತಿರುಗುವುದನ್ನು ಊರಿಗೆ ಹೋದಾಗ ನೋಡಿದ್ದೀರಾ? ಒಳಗಿನ ಚಕ್ರ ನಿಂತಂತೆ ಇರುತ್ತದೆ, ಹೊರಗಿನದು ದೊಡ್ಡ ಸುತ್ತು ಹಾಕುತ್ತದೆ. ಎರಡೂ ಅಚ್ಚಿನ ಮೇಲೆ ಬೇರೆ ಬೇರೆಯಾಗಿ ತಿರುಗುವುದರಿಂದ ಜಗಳವಿಲ್ಲ. ನಿಮ್ಮ ಟ್ರಕ್ಕಿನಲ್ಲಿಯೂ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು. ಆದರೆ ಜೀಪಿನ ಬಗೆಯ ಫೋರ್ ವೀಲ್ ಹಾಕಿದಾಗ ಮುಂದಿನ ಶಾಫ್ಟ್ ಮತ್ತು ಹಿಂದಿನ ಶಾಫ್ಟ್ ಒಂದಕ್ಕೊಂದು ಬಿಗಿಯಾಗಿ ಸೇರಿ ಒಂದೇ ವೇಗದಲ್ಲಿ ತಿರುಗುತ್ತವೆ. ಹಿಮದಲ್ಲಿ, ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣಗಿದ ರಸ್ತೆಯಲ್ಲಿ ಜಾರಲು ಅವಕಾಶವಿಲ್ಲ. ಆಗ ಹಗ್ಗ ಹುರಿಗೊಂಡ ಹಾಗೆ ಶಾಫ್ಟುಗಳಲ್ಲಿ ಬಿಗಿ ತುಂಬಿಕೊಳ್ಳುತ್ತದೆ. ಲಿವರ್ ಎಷ್ಟು ಎಳೆದರೂ ಬರುವುದಿಲ್ಲ. ಬಲ ಹಾಕಬೇಡಿ. ಸ್ಟೀರಿಂಗ್ ನೇರ ಇಟ್ಟು ಕೆಲವು ಅಡಿ ಹಿಂದಕ್ಕೆ ಹೋದರೆ ಹುರಿ ಬಿಚ್ಚಿಕೊಂಡು ಲಿವರ್ ತಾನೇ ಹಗುರವಾಗುತ್ತದೆ. ನಾಲ್ಕು ಟೈರುಗಳು ಒಂದೇ ಅಳತೆಯವಲ್ಲದಿದ್ದರೂ ನೇರ ದಾರಿಯಲ್ಲೇ ಈ ಬಿಗಿ ಬರುತ್ತದೆ.

ಈ ಜೀಪಿಗೂ ನಮ್ಮ ನಾಡಿಗೂ ನಿಜವಾದ ನಂಟಿದೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಭಾರತದಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿತು. ಅವುಗಳ ಸಂತತಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಬಂತು. ಇವತ್ತಿಗೂ ಮಡಿಕೇರಿ ಕಡೆ ಮಾಂದಲಪಟ್ಟಿಯ ಕಲ್ಲುದಾರಿ ಹತ್ತುವುದು ಜೀಪುಗಳೇ. ಅಲ್ಲಿನ ಚಾಲಕರು ಜಾರು ಬಂದಲ್ಲಿ "ಫೋರ್ ವೀಲ್ ಹಾಕು" ಎನ್ನುತ್ತಾರೆ. ನಾನು ಈ ಮಾತನ್ನು ಬಳಸುತ್ತಿರುವುದು ಅದಕ್ಕೇ. ಚಕ್ರ ತಿರುಗಿ ಬಂದ ಹಾಗೆ, 2018ರಲ್ಲಿ ಮಹೀಂದ್ರದವರು ಅದೇ ವಂಶದ ರಾಕ್ಸರ್ ಎಂಬ ಗಾಡಿಯನ್ನು ಮಿಷಿಗನ್ನಿನಲ್ಲಿ ಜೋಡಿಸಿ ಇಲ್ಲಿಯೇ ಮಾರಲು ತಂದರು.

ಮತ್ತೆ ಅಮೆರಿಕಕ್ಕೆ ಬರೋಣ. ಯುದ್ಧ ಮುಗಿದ ಮೇಲೆ ಮಿಕ್ಕ ಜೀಪುಗಳು ರೈತರ ಕೈಗೆ ಬಂದವು. ಅವುಗಳಲ್ಲಿ ಫೋರ್ ವೀಲ್ ತೆಗೆದಿದ್ದರೂ ಮುಂದಿನ ಚಕ್ರಗಳು ತಮ್ಮ ಜೊತೆ ಆಕ್ಸಲ್ಲು, ಶಾಫ್ಟು ಎಲ್ಲವನ್ನೂ ಸುಮ್ಮನೆ ತಿರುಗಿಸುತ್ತಿದ್ದವು. ಪೆಟ್ರೋಲು ದಂಡ, ಸದ್ದು, ಸವೆತ. ವಾಷಿಂಗ್ಟನ್ ರಾಜ್ಯದ ಆರ್ಥರ್ ವಾರ್ನ್ 1948ರಲ್ಲಿ ಇದಕ್ಕೊಂದು ಉಪಾಯ ತಂದರು: ಲಾಕಿಂಗ್ ಹಬ್. ಚಕ್ರದ ನಡುವಿನ ಗುಬುಟನ್ನು ಕೈಯಿಂದ ತಿರುಗಿಸಿದರೆ ಚಕ್ರ ಆಕ್ಸಲ್‌ಗೆ ಸೇರುತ್ತದೆ, ಮತ್ತೆ ತಿರುಗಿಸಿದರೆ ಬಿಡುತ್ತದೆ.

ಅನುಕೂಲ ಬಂತು, ಜೊತೆಗೆ ಹೊಸ ತೊಂದರೆಯೂ ಬಂತು. ಒಳಗೆ ಲಿವರ್ ಎಳೆದರೆ ಸಾಲದು, ಕೆಸರಿಗಿಳಿದು ಎರಡೂ ಹಬ್ ತಿರುಗಿಸಬೇಕು. ಒಂದನ್ನು ಮರೆತರೆ? ಒಂದಾದರೂ ಎಳೆಯುತ್ತದಲ್ಲ ಎಂದುಕೊಳ್ಳಬೇಡಿ. ಸಾಮಾನ್ಯ ಡಿಫರೆನ್ಷಿಯಲ್ ಯಾವ ಕಡೆ ತಡೆಯಿಲ್ಲವೋ ಆ ಕಡೆಯನ್ನೇ ತಿರುಗಿಸುತ್ತದೆ. ಬಿಟ್ಟುಹೋದ ಕಡೆಯ ಶಾಫ್ಟ್ ಗರಗರ ಸುತ್ತುತ್ತದೆ, ಲಾಕ್ ಆದ ಚಕ್ರ ಅಲ್ಲಾಡುವುದಿಲ್ಲ. ಒಂದು ಕಡೆ ಬಿಟ್ಟರೆ ಎರಡೂ ಕಡೆ ಬಿಟ್ಟಂತೆ. ಇದನ್ನು ನೆನಪಿಡಿ, ಮುಂದಿನ ಕಾಲದಲ್ಲೂ ಇದು ಕೆಲಸಕ್ಕೆ ಬರುತ್ತದೆ.

1980ರ ದಶಕದಲ್ಲಿ ಗಿರಾಕಿ ಬದಲಾದ. ಮನೆಮಂದಿಯೆಲ್ಲ ಕೂತು ಹೋಗುವ ಎಸ್‌ಯುವಿಯಿಂದ ಹಿಮಕ್ಕಿಳಿದು ಹಬ್ ತಿರುಗಿಸಲು ಯಾರಿಗೆ ಬೇಕು? ಆಗ ಕಂಪನಿಗಳು ಎಂಜಿನ್ನಿನ ಹೀರುವ ಶಕ್ತಿಯನ್ನು, ಅಂದರೆ ವ್ಯಾಕ್ಯೂಮನ್ನು, ಕೆಲಸಕ್ಕೆ ಹಚ್ಚಿದವು. 1984ರ ಜೀಪ್ ಚೆರೊಕಿಯಲ್ಲಿ ಮುಂದಿನ ಆಕ್ಸಲ್‌ನ ಒಂದು ಕಡೆಯ ಶಾಫ್ಟನ್ನು ಎರಡು ತುಂಡು ಮಾಡಿ ನಡುವೆ ಜಾರುವ ಒಂದು ಬಳೆ ಇಟ್ಟರು. ವ್ಯಾಕ್ಯೂಮ್ ಎಳೆದಾಗ ಬಳೆ ಸರಿದು ಎರಡು ತುಂಡನ್ನು ಸೇರಿಸುತ್ತದೆ. ಷೆವರ್ಲೆಯ ಎಸ್-10 ಬ್ಲೇಜರ್‌ನಲ್ಲೂ ಇದೇ ಬಗೆಯ ಆಲೋಚನೆ.

ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಹೀರಿ ನೋಡಿ, ಈ ಕಾಲದ ತೊಂದರೆ ಏನೆಂದು ತಿಳಿಯುತ್ತದೆ. ಚಳಿಗೆ, ವಯಸ್ಸಿಗೆ ರಬ್ಬರ್ ಕೊಳವೆ ಬಿರುಕು ಬಿಟ್ಟರೆ ಬಳೆ ಸರಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸ್ ತನ್ನ ಕೆಲಸ ಮಾಡಿರುತ್ತದೆ, ಶಾಫ್ಟ್ ತಿರುಗುತ್ತಿರುತ್ತದೆ, ಆದರೆ ಚಕ್ರಕ್ಕೆ ಏನೂ ಮುಟ್ಟುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ. ಎಸ್-10 ಗಾಡಿಗಳಲ್ಲಿ ಈ ವ್ಯಾಕ್ಯೂಮ್ ಡಬ್ಬಿಯನ್ನು ಬ್ಯಾಟರಿಯ ತಟ್ಟೆಯ ಕೆಳಗೇ ಇಟ್ಟಿದ್ದರು. ಬ್ಯಾಟರಿಯ ಆಸಿಡ್ ತೊಟ್ಟಿಕ್ಕಿ ಅದು ಹಾಳಾಗುವುದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ಸಂಗತಿ. ಇಂಥ ಗಾಡಿಗೆ ಟ್ರಾನ್ಸ್‌ಫರ್ ಕೇಸ್ ಬದಲಿಸುವ ಮೊದಲು ಒಂದು ತುಂಡು ಕೊಳವೆ ಬದಲಿಸಿ ನೋಡುವುದು ಜಾಣತನ.

1988ರ ಷೆವರ್ಲೆ ದೊಡ್ಡ ಟ್ರಕ್ಕುಗಳಲ್ಲಿ ಇನ್ನೊಂದು ವಿಚಿತ್ರ ಬಂತು. ಅಲ್ಲಿ ಮುಂದಿನ ಆಕ್ಸಲ್ ಸೇರಿಸುವ ಸಾಧನ ವಿದ್ಯುತ್ತಿನಿಂದ ಬಿಸಿಯಾಗಿ, ಒಳಗಿನ ವಸ್ತು ಹಿಗ್ಗಿ, ಕಡ್ಡಿಯನ್ನು ಹೊರಗೆ ತಳ್ಳುತ್ತಿತ್ತು. ಕಟಕಟ ಚಳಿಯಲ್ಲಿ ಬಿಸಿಯಾಗಲು ಹೊತ್ತು ಬೇಕು. ಫೋರ್ ವೀಲ್ ಬೇಕಾಗುವುದೂ ಅದೇ ಚಳಿಯಲ್ಲಿ! ಹಾಗಾಗಿ ಅಂಥ ಹಳೆಯ ಟ್ರಕ್ಕಿನಲ್ಲಿ ಸ್ವಲ್ಪ ಹೊತ್ತು ಕಾಯುವುದು ದೋಷವಲ್ಲ, ಅದರ ಸ್ವಭಾವ. ಆಮೇಲೆ ಅದರ ಜಾಗಕ್ಕೆ ಸಣ್ಣ ಮೋಟಾರ್ ಬಂತು.

ಅಲ್ಲಿಂದ ಮುಂದೆ ಲಿವರ್ ಮಾಯವಾಗಿ ಡ್ಯಾಶ್‌ಬೋರ್ಡಿನ ಗುಂಡಿ ಬಂತು. ಈಗ ನಿಮ್ಮ ಬೆರಳು ಬರೀ ಅರ್ಜಿ ಹಾಕುತ್ತದೆ. ಒಂದು ಕಂಪ್ಯೂಟರ್ ಆ ಅರ್ಜಿ ಓದುತ್ತದೆ: ವೇಗ ಎಷ್ಟು, ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಬ್ಯಾಟರಿ ಸರಿಯಿದೆಯೇ? ಒಪ್ಪಿದರೆ ಟ್ರಾನ್ಸ್‌ಫರ್ ಕೇಸ್ ಮೇಲಿನ ಮೋಟಾರಿಗೆ ಅಪ್ಪಣೆ ಕೊಡುತ್ತದೆ. ಮೋಟಾರ್ ತಿರುಗಿದೆ ಎಂದು ಸೆನ್ಸರ್ ವರದಿ ಕೊಟ್ಟ ಮೇಲೆ ದೀಪ ಸ್ಥಿರವಾಗುತ್ತದೆ. ದೀಪ ಮಿಣುಕುತ್ತಿದ್ದರೆ "ಕೆಲಸ ಶುರುವಾಗಿದೆ, ಮುಗಿದಿಲ್ಲ" ಎಂದರ್ಥ. ಅನೇಕ ಸಲ ಗಾಡಿ ಕೆಟ್ಟಿರುವುದಿಲ್ಲ, ಅರ್ಜಿ ತಿರಸ್ಕೃತವಾಗಿರುತ್ತದೆ ಅಷ್ಟೇ. ಫೋರ್ ಲೋ ಹಾಕಲು ಗಾಡಿ ನಿಂತಿರಬೇಕು ಅಥವಾ ತೆವಳುವಷ್ಟು ನಿಧಾನವಾಗಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಗಾಡಿಯ ಪುಸ್ತಕದಲ್ಲಿ ಇದನ್ನು ಬರೆದಿರುತ್ತಾರೆ, ನಾವು ಓದಿರುವುದಿಲ್ಲ.

ತರ್ಕ ತಲೆಕೆಳಗಾದ ಉದಾಹರಣೆಯೂ ಇದೆ. 2004ರಿಂದ ಫೋರ್ಡ್ ಎಫ್-150 ಟ್ರಕ್ಕುಗಳ ಮುಂದಿನ ಹಬ್‌ಗಳಲ್ಲಿ ವ್ಯಾಕ್ಯೂಮ್ ಇರುವುದು ಸೇರಿಸಲು ಅಲ್ಲ, ಬಿಡಿಸಲು. ವ್ಯಾಕ್ಯೂಮ್ ಇಲ್ಲದಿದ್ದರೆ ಸ್ಪ್ರಿಂಗ್ ತಾನಾಗಿ ಹಬ್ಬನ್ನು ಸೇರಿಸುತ್ತದೆ. ಹಾಗಾಗಿ ಅಲ್ಲಿ ಕೊಳವೆ ಸೋರಿದರೆ ಕಾಣುವ ಲಕ್ಷಣವೇ ಬೇರೆ: ಫೋರ್ ವೀಲ್ ಹಾಕದೆ ಸುಮ್ಮನೆ ಹೋಗುವಾಗಲೇ ಮುಂದಿನ ಚಕ್ರದಲ್ಲಿ ಕರಕರ ಸದ್ದು. ಅರ್ಧ ಸೇರಿದ, ಅರ್ಧ ಬಿಟ್ಟ ಹಲ್ಲುಗಳು ಉಜ್ಜಿಕೊಳ್ಳುತ್ತಿರುತ್ತವೆ. ಚೆರೊಕಿಯ ಅನುಭವ ಹೇಳಿಕೊಂಡು ಇದನ್ನು ರಿಪೇರಿ ಮಾಡಲು ಹೋದವರು ದಾರಿ ತಪ್ಪುತ್ತಾರೆ. ನಾನು ಕಾಲ, ವಂಶಾವಳಿ ಎಂದದ್ದು ಇದಕ್ಕಾಗಿ.

ಹಾಗಾದರೆ ನೀವು ಏನು ಮಾಡಬೇಕು? ಮೊದಲು ನಿಮ್ಮ ಗಾಡಿ ಯಾವ ಬಗೆಯದು ನೋಡಿ. ಲಿವರ್ ಇದೆಯೇ, ಗುಂಡಿ ಇದೆಯೇ, ಅಥವಾ ಏನೂ ಇಲ್ಲದೆ ಎಲ್ಲವನ್ನೂ ತಾನೇ ನಿರ್ಧರಿಸುವ ಆಲ್ ವೀಲ್ ಡ್ರೈವ್ ಕಾರೇ? ಆಮೇಲೆ ಕೈಯಿಂದ ಚಕ್ರದ ಕಡೆಗೆ ಒಂದೊಂದೇ ಕೊಂಡಿ ಹಿಡಿದು ಹೋಗಿ. ಗುಂಡಿಯ ಗಾಡಿಯಾದರೆ ಫ್ಯೂಸ್ ಮತ್ತು ಬ್ಯಾಟರಿ ಮೊದಲು. ಎಂಜಿನ್ ನಿಲ್ಲಿಸಿ, ಕೀ ಆನ್ ಮಾಡಿ, ಗೇರ್ ಪುಸ್ತಕ ಹೇಳಿದಲ್ಲಿ ಇಟ್ಟು, ಪಾರ್ಕಿಂಗ್ ಬ್ರೇಕ್ ಎಳೆದು ಗುಂಡಿ ತಿರುಗಿಸಿ. ಗಾಡಿಯ ಕೆಳಗಿನಿಂದ ಮೋಟಾರಿನ ಸದ್ದು ಬರುತ್ತದೆಯೇ ಕಿವಿಗೊಟ್ಟು ಕೇಳಿ. ಸದ್ದೇ ಇಲ್ಲವೆಂದರೆ ತೊಂದರೆ ಬಹುಶಃ ವಿದ್ಯುತ್ತಿನ ಕಡೆ: ಸ್ವಿಚ್, ತಂತಿ, ಉಪ್ಪಿಗೆ ತುಕ್ಕು ಹಿಡಿದ ಪ್ಲಗ್, ಮೋಟಾರ್. ಸದ್ದು ಬಂದು, ದೀಪವೂ ಹತ್ತಿ, ಚಕ್ರ ಮಾತ್ರ ಎಳೆಯದಿದ್ದರೆ ಮುಂದಿನ ಆಕ್ಸಲ್ ಅಥವಾ ಹಬ್ ಕಡೆ ನೋಡಿ. ಇಷ್ಟು ತಿಳಿದು ಗ್ಯಾರೇಜಿಗೆ ಹೋದರೆ ನೀವು ಕೇಳುವ ಪ್ರಶ್ನೆಯೇ ಬೇರೆ, ಸಿಗುವ ಉತ್ತರವೂ ಬೇರೆ.

ಎರಡು ಎಚ್ಚರಿಕೆಗಳು, ಇವನ್ನು ಅಕ್ಕನ ಮಾತೆಂದು ತಿಳಿಯಿರಿ. ಒಂದು, ಟ್ರಾನ್ಸ್‌ಫರ್ ಕೇಸ್ ಹಾಕುವಾಗ ನಡುವೆ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡರೆ ಗೇರ್ ಪಾರ್ಕ್‌ನಲ್ಲಿದ್ದರೂ ಗಾಡಿ ಉರುಳಬಹುದು. ಪಾರ್ಕಿಂಗ್ ಬ್ರೇಕ್ ಎಳೆಯದೆ ಕೆಳಗಿಳಿಯಬೇಡಿ, ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗಂತೂ ತೂರಬೇಡಿ. ಎರಡು, ಫೋರ್ ವೀಲ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಮಂಜುಗಡ್ಡೆಯ ಮೇಲೆ ಬ್ರೇಕ್ ಹಾಕಿದಾಗ ನಿಮ್ಮ ಟ್ರಕ್ಕೂ ಪಕ್ಕದ ಸಣ್ಣ ಕಾರೂ ಒಂದೇ.

ಬಳಸದೆ ಬಿಟ್ಟ ಬೀಗ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಹಿಮ ಬಿದ್ದ ರಾತ್ರಿಯೇ ಮೊದಲ ಸಲ ಗುಂಡಿ ಒತ್ತಿದರೆ ಮೋಟಾರಾದರೂ ಏನು ಮಾಡೀತು? ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲೋ ಜಲ್ಲಿಯ ಮೇಲೋ ಫೋರ್ ವೀಲ್ ಹಾಕಿ, ಸ್ವಲ್ಪ ದೂರ ಹೋಗಿ, ತೆಗೆಯಿರಿ. ಈ ಶನಿವಾರವೇ ಗಾಡಿಯ ಪುಸ್ತಕ ತೆಗೆದು ಆ ಒಂದು ಅಧ್ಯಾಯ ಓದಿ. ಹಿಮ ಬೀಳಲು ಇನ್ನೂ ಸ್ವಲ್ಪ ಸಮಯವಿದೆ.