ಗೆದ್ದ ಪಕ್ಷಕ್ಕೆ ಒಲಿಯದ ಮೇಲ್ಮನೆ: ವಿಧಾನ ಪರಿಷತ್ತಿನ ಬಲಾಬಲ

ವಿಧಾನಸಭಾ ಚುನಾವಣೆಯಲ್ಲಿ ಗೆದ್ದು ಸರ್ಕಾರ ರಚಿಸಿದ ಪಕ್ಷಕ್ಕೆ ಮೇಲ್ಮನೆಯಲ್ಲಿಯೂ ಬಹುಮತ ಇರಲೇಬೇಕೆಂದಿಲ್ಲ. ಕರ್ನಾಟಕದಲ್ಲಿ 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ 224 ಸ್ಥಾನಗಳ ಪೈಕಿ 135ನ್ನು ಗೆದ್ದಿತು. ಆದರೆ ವಿಧಾನ ಪರಿಷತ್ತಿನಲ್ಲಿ ಅದಕ್ಕೆ ಬಹುಮತವಿರಲಿಲ್ಲ.

ಇದಕ್ಕೆ ಕಾರಣ ಪರಿಷತ್ತಿನ ರಚನೆ. ಅದರ 75 ಸದಸ್ಯರಲ್ಲಿ 25 ಮಂದಿಯನ್ನು ಶಾಸಕರು, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ತಲಾ 7 ಮಂದಿಯನ್ನು ಪದವೀಧರರು ಮತ್ತು ಶಿಕ್ಷಕರು ಆರಿಸುತ್ತಾರೆ. 11 ಮಂದಿ ನಾಮನಿರ್ದೇಶಿತರು. ಸದಸ್ಯರ ಅವಧಿ 6 ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ. ಹೀಗಾಗಿ ಜನಾದೇಶದ ಬದಲಾವಣೆ ಮೇಲ್ಮನೆಯನ್ನು ತಡವಾಗಿ, ಕಂತುಕಂತಾಗಿ ತಲುಪುತ್ತದೆ. 2024ರ ಜೂನ್‌ನಲ್ಲಿ ಶಾಸಕರಿಂದ ತುಂಬಬೇಕಿದ್ದ 11 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 7, ಬಿಜೆಪಿಗೆ 3, ಜೆಡಿಎಸ್‌ಗೆ 1 ಅವಿರೋಧವಾಗಿ ದೊರೆತವು.

ಈ ಅಂತರದ ಪರಿಣಾಮವನ್ನು ಎರಡೂ ಪಕ್ಷಗಳು ಅನುಭವಿಸಿವೆ. ಬಿಜೆಪಿ ಸರ್ಕಾರದ ಮತಾಂತರ ನಿಷೇಧ ವಿಧೇಯಕಕ್ಕೆ 2021ರ ಡಿಸೆಂಬರ್‌ನಲ್ಲಿ ವಿಧಾನಸಭೆ ಒಪ್ಪಿಗೆ ನೀಡಿತು. ಪರಿಷತ್ತಿನ ಒಪ್ಪಿಗೆ ದೊರೆತದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ, ಮೇ ತಿಂಗಳಲ್ಲಿ, ಸುಗ್ರೀವಾಜ್ಞೆಯ ಮೊರೆ ಹೋಗಬೇಕಾಯಿತು. 2024ರ ಫೆಬ್ರವರಿಯಲ್ಲಿ ಕಾಂಗ್ರೆಸ್ ಸರ್ಕಾರದ ಸರದಿ. ವಾರ್ಷಿಕ 1 ಕೋಟಿ ರೂಪಾಯಿಗೂ ಹೆಚ್ಚು ಆದಾಯದ ದೇವಾಲಯಗಳಿಂದ ಶೇ. 10ರಷ್ಟನ್ನು ಸಾಮಾನ್ಯ ನಿಧಿಗೆ ಪಡೆಯುವ ವಿಧೇಯಕವನ್ನು ಪರಿಷತ್ತು ಧ್ವನಿಮತದಿಂದ ತಿರಸ್ಕರಿಸಿತು. ಕೆಲವೇ ದಿನಗಳಲ್ಲಿ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು.

ಪರಿಷತ್ತಿನ ಅಧಿಕಾರಕ್ಕೆ ಮಿತಿಯುಂಟು. ಸಂವಿಧಾನದ 197ನೆಯ ವಿಧಿಯಂತೆ ಅದು ಸಾಮಾನ್ಯ ವಿಧೇಯಕವನ್ನು ಮೊದಲ ಬಾರಿ 3 ತಿಂಗಳು, ಎರಡನೆಯ ಬಾರಿ 1 ತಿಂಗಳು ಮಾತ್ರ ತಡೆಯಬಲ್ಲದು. ಹಣಕಾಸು ವಿಧೇಯಕವನ್ನಾದರೆ 14 ದಿನ ಮಾತ್ರ. ಮೇಲ್ಮನೆ ತಡೆಯಬಲ್ಲದು, ಕೆಡವಲಾರದು. ಆದರೂ ಆ ತಡೆ ಸರ್ಕಾರವನ್ನು ಮರುಚಿಂತನೆಗೆ ಹಚ್ಚುತ್ತದೆ.

ಮಹಾರಾಷ್ಟ್ರದಲ್ಲಿಯೂ 78 ಸದಸ್ಯರ ಪರಿಷತ್ತಿದೆ. ಪುಣೆ, ಸಾತಾರಾ, ಸಾಂಗ್ಲಿ, ಸೊಲ್ಲಾಪುರ, ಕೊಲ್ಹಾಪುರ ಜಿಲ್ಲೆಗಳು ಸೇರಿ ಪುಣೆ ಪದವೀಧರ ಕ್ಷೇತ್ರವಾಗಿದೆ. 2020ರ ಡಿಸೆಂಬರ್‌ನಲ್ಲಿ ಅಲ್ಲಿ ಎನ್‌ಸಿಪಿಯ ಅರುಣ್ ಲಾಡ್ ಗೆದ್ದರು. ಪದವಿ ಪಡೆದು 3 ವರ್ಷ ಕಳೆದ, ಇಲ್ಲಿಯೇ ನೆಲೆಸಿರುವ ಪದವೀಧರರು ಈ ಕ್ಷೇತ್ರದ ಮತದಾರರಾಗಬಹುದು. ಪದವಿ ಧಾರವಾಡದ್ದಾದರೂ ಮೈಸೂರಿನದ್ದಾದರೂ ಅಡ್ಡಿಯಿಲ್ಲ. ಆದರೆ ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಇಲ್ಲಿ ಹಕ್ಕು ದೊರೆಯದು. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧಪಡಿಸುವುದರಿಂದ ಹಿಂದೆ ಮತ ಹಾಕಿದವರೂ ನಮೂನೆ 18ರಲ್ಲಿ ಮತ್ತೆ ಅರ್ಜಿ ಸಲ್ಲಿಸಬೇಕು. ಸದಾಶಿವ ಪೇಠೆಯ ಕನ್ನಡ ಮನೆಗಳಲ್ಲಿ ಪದವೀಧರರಿಗೆ ಕೊರತೆಯಿಲ್ಲ. ಪಟ್ಟಿಯಲ್ಲಿಯೂ ಅವರ ಹೆಸರುಗಳಿರಲಿ.